ನಂದಗಡದಿಂದ ನೋಡಿದ ದೆಹಲಿ: ಹೊಸ ರಾಷ್ಟ್ರದ ಕೇಂದ್ರ ಸರ್ಕಾರದ ದೌರ್ಬಲ್ಯಗಳು



ದೇಶವೊಂದು ಸ್ವತಂತ್ರವಾಗುವುದು ಬೇರೆ, ಅದರ ಕೇಂದ್ರ ಸರ್ಕಾರ ಗಟ್ಟಿಯಾಗಿ ನಿಲ್ಲುವುದು ಬೇರೆ. ಅಮೆರಿಕದಲ್ಲಿ 1781ರಲ್ಲಿ ಜಾರಿಗೆ ಬಂದ ಮೊದಲ ಒಕ್ಕೂಟ ವ್ಯವಸ್ಥೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಅದನ್ನು ತಿದ್ದಲು 13 ರಾಜ್ಯಗಳೂ ಒಪ್ಪಬೇಕಿತ್ತು. ಕೊನೆಗೆ ಹೊಸ ಸಂವಿಧಾನವನ್ನೇ ಬರೆಯಬೇಕಾಯಿತು.

ನಮ್ಮ ಭಾರತದ ಸ್ಥಿತಿ ಹೀಗಿರಲಿಲ್ಲ. ಸಂವಿಧಾನದ 3ನೇ ವಿಧಿಯಂತೆ ಸಂಸತ್ತು ಸರಳ ಬಹುಮತದಿಂದ ರಾಜ್ಯಗಳ ಗಡಿ ಬದಲಿಸಬಹುದು. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಿಲ್ಲ. ಹಾಗಾದರೆ ದೌರ್ಬಲ್ಯ ಎಲ್ಲಿತ್ತು? ಸಂಗೊಳ್ಳಿ ರಾಯಣ್ಣನ ಸಮಾಧಿಯಿರುವ ನಮ್ಮ ನಂದಗಡದ ಇತಿಹಾಸವೇ ಇದಕ್ಕೆ ಉತ್ತರ ಹೇಳುತ್ತದೆ.

ಮೊದಲನೆಯದು, ಮುಂದೂಡುವ ಗುಣ. ಭಾಷಾವಾರು ಪ್ರಾಂತಗಳನ್ನು 1948ರಲ್ಲಿ ಧಾರ್ ಆಯೋಗ ಬೇಡವೆಂದಿತು. 1949ರಲ್ಲಿ ನೆಹರೂ, ಪಟೇಲ್, ಪಟ್ಟಾಭಿಯವರ ಸಮಿತಿ ಸದ್ಯಕ್ಕೆ ಬೇಡವೆಂದಿತು. ದೇಶ ವಿಭಜನೆಯ ಗಾಯ ಆಗಿನ್ನೂ ಹಸಿಯಾಗಿತ್ತು, ಆದ್ದರಿಂದ ಆ ಎಚ್ಚರಿಕೆಯನ್ನು ಪೂರ್ತಿ ತಪ್ಪೆನ್ನಲಾಗದು.

ಎರಡನೆಯದು, ಒತ್ತಡ ಬಂದಾಗ ಮಾತ್ರ ಎಚ್ಚರಗೊಳ್ಳುವುದು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ಪ್ರಾಣ ಬಿಟ್ಟರು. ಕೆಲವೇ ದಿನಗಳಲ್ಲಿ ಆಂಧ್ರ ರಾಜ್ಯದ ಘೋಷಣೆಯಾಯಿತು. ಮನವಿಗೆ ಸಿಗದ ಉತ್ತರ ಸಾವಿಗೆ ಸಿಕ್ಕಿತು. ಇದು ದೇಶಕ್ಕೆ ಒಳ್ಳೆಯ ಪಾಠವಾಗಲಿಲ್ಲ.

ಮೂರನೆಯದು, ತಾನೇ ನೇಮಿಸಿದ ಆಯೋಗದ ಮಾತನ್ನು ಇತ್ಯರ್ಥಗೊಳಿಸದಿರುವುದು. ಸೈಯದ್ ಫಜಲ್ ಅಲಿ ಅವರ ಆಯೋಗದ 1955ರ ವರದಿಯ ನಂತರ, 1956ರ ನವೆಂಬರ್ 1ರಂದು ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ತಕರಾರು ಎದ್ದಿತು. 1966ರಲ್ಲಿ ಸೇನಾಪತಿ ಬಾಪಟರ ಉಪವಾಸದ ಬಳಿಕ ಮಹಾಜನ ಆಯೋಗ ಬಂತು. 1967ರ ಅದರ ವರದಿ ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ ಎಂದಿತು. ನಿಪ್ಪಾಣಿ, ಖಾನಾಪುರ, ನಂದಗಡ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಕಾಸರಗೋಡು ಮೈಸೂರಿಗೆ ಎಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ. ಕೇಂದ್ರ ವರದಿಯನ್ನು ಜಾರಿಗೆ ತರಲೂ ಇಲ್ಲ, ವಿವಾದಕ್ಕೆ ಮುಕ್ತಾಯ ಹಾಡಲೂ ಇಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಅಧಿಕಾರವಿತ್ತು, ಮನಸ್ಸು ಗಟ್ಟಿ ಇರಲಿಲ್ಲ.

ಓದುಗರೇ, ಈ ಎಳೆದಾಟದಲ್ಲಿ ಎಲ್ಲರೂ ಎಣಿಸಿದ್ದು ಕನ್ನಡ ಮತ್ತು ಮರಾಠಿಯನ್ನು. ಮನೆಯಲ್ಲಿ ಉರ್ದು ಆಡುವ ನಮ್ಮ ಮಕ್ಕಳು ಯಾವ ಕಡೆಗೆ ಹೋದರೂ ಅಲ್ಪಸಂಖ್ಯಾತರೇ. ಇಂಥವರಿಗಾಗಿಯೇ ಫಜಲ್ ಅಲಿ ಆಯೋಗದ ಸಲಹೆಯ ಬೆನ್ನಿಗೆ 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಅದು. ಗಮನಿಸಿ, 'ಪ್ರಯತ್ನಿಸಬೇಕು' ಎಂದಷ್ಟೇ. 350ಬಿ ವಿಧಿಯಂತೆ ನೇಮಕವಾಗುವ ವಿಶೇಷ ಅಧಿಕಾರಿ ರಾಷ್ಟ್ರಪತಿಗಳಿಗೆ ವರದಿ ಮಾಡಬಲ್ಲರು, ಆಜ್ಞೆ ಮಾಡಲಾರರು. ಇಲ್ಲಿಯೂ ಅದೇ ಹಿಂಜರಿಕೆ.

ಆದ್ದರಿಂದ ಗಡಿಯ ತೀರ್ಪಿಗೆ ಕಾಯುತ್ತ ಕೂರುವುದು ಬೇಡ. ಗೆರೆ ಎಲ್ಲಿ ಬಿದ್ದರೂ ಈ ಹಕ್ಕು ಬದಲಾಗದು. ಉರ್ದು ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿದ್ದರೆ ಪಾಲಕರು ಸೇರಿ ಲಿಖಿತ ಮನವಿ ಕೊಡಿ, ಬೆನ್ನು ಹತ್ತಿ. ಜೊತೆಗೇ ಮಕ್ಕಳಿಗೆ ಕನ್ನಡವನ್ನು ಚೆನ್ನಾಗಿ ಕಲಿಸಿ. ಮನವಿ ಬರೆಯುವುದಕ್ಕೂ, ನಾಳೆ ಅದನ್ನು ಓದುವ ಕುರ್ಚಿಯಲ್ಲಿ ಕೂರುವುದಕ್ಕೂ ಆ ಭಾಷೆ ಬೇಕು.