ಹೆಸರಿನಲ್ಲಿ ಇಲ್ಲದ ಕಬ್ಬಿಣ

ದೇಹದಲ್ಲಿ ಕಬ್ಬಿಣದ ಅಂಶ ಮಿತಿಮೀರಿ ಸೇರುವ ಒಂದು ವ್ಯಾಧಿಯನ್ನು ವೈದ್ಯರು ‘ಹೀಮೋಕ್ರೊಮಾಟೋಸಿಸ್’ ಎಂದು ಕರೆಯುತ್ತಾರೆ. ಈ ಪದವನ್ನು ಬಿಡಿಸಿ ನೋಡಿದರೆ ಸೋಜಿಗವಾಗುತ್ತದೆ. ಗ್ರೀಕಿನಲ್ಲಿ ‘ಹೈಮಾ’ ಎಂದರೆ ರಕ್ತ, ‘ಕ್ರೋಮಾ’ ಎಂದರೆ ಬಣ್ಣ. ಕೊನೆಯದು ರೋಗಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ಕಬ್ಬಿಣಕ್ಕೆ ಗ್ರೀಕರಲ್ಲಿ ‘ಸಿದೆರೋಸ್’ ಎಂಬ ಮಾತಿದ್ದರೂ ಅದರ ಸುಳಿವೇ ಇಲ್ಲಿಲ್ಲ!

ಪ್ಯಾರಿಸ್ಸಿನ ಅರ್ಮಾಂ ಟ್ರೂಸೊ ೧೮೬೫ರಲ್ಲಿ ಒಬ್ಬ ಮಧುಮೇಹಿಯನ್ನು ವರ್ಣಿಸಿದ. ಆತನ ಯಕೃತ್ತು ಗಡುಸಾಗಿತ್ತು, ಚರ್ಮ ಕಂಚಿನ ಬಣ್ಣಕ್ಕೆ ತಿರುಗಿತ್ತು. ಮುಂದೆ ಫ್ರೆಂಚ್ ವೈದ್ಯರಲ್ಲಿ ‘ಕಂಚಿನ ಮಧುಮೇಹ’ ಎಂಬ ಹೆಸರು ರೂಢಿಗೆ ಬಂತು. ಕಣ್ಣಿಗೆ ಕಂಡದ್ದನ್ನಷ್ಟೇ ಹೇಳುವ ಪ್ರಾಮಾಣಿಕವಾದ ಹೆಸರು. ೧೮೮೯ರಲ್ಲಿ ಜರ್ಮನಿಯ ರೋಗಶಾಸ್ತ್ರಜ್ಞ ಫಾನ್ ರೆಕ್ಲಿಂಗ್‌ಹೌಸೆನ್ ಹಾಗೆ ನಿಲ್ಲಲಿಲ್ಲ. ಅಂಗಾಂಗಗಳನ್ನು ಕವಿದ ಕಂದುಬಣ್ಣ ರಕ್ತದಿಂದಲೇ ಬಂದದ್ದೆಂದು ಊಹಿಸಿ ಅದನ್ನೇ ಹೆಸರಾಗಿಸಿದ. ಊಹೆ ಬಿದ್ದುಹೋಯಿತು, ಹೆಸರು ಉಳಿಯಿತು.

ಕಬ್ಬಿಣದ ದಾರಿಯೇ ಬೇರೆ. ನಮ್ಮ ಕರುಳು ದಿನಕ್ಕೆ ಒಂದೆರಡು ಮಿಲಿಗ್ರಾಮಿನಷ್ಟನ್ನು ಮಾತ್ರ ಆಹಾರದಿಂದ ಹೀರುತ್ತದೆ. ಹೆಚ್ಚಾದುದನ್ನು ಹೊರಹಾಕುವ ವ್ಯವಸ್ಥೆ ದೇಹಕ್ಕಿಲ್ಲ. ಈ ರೋಗಿಗಳಲ್ಲಿ ಕರುಳಿನ ಬಾಗಿಲು ಹುಟ್ಟಿನಿಂದಲೇ ಸಡಿಲ. ವರ್ಷಗಟ್ಟಲೆ ಕೂಡುತ್ತ ಬಂದ ಲೋಹ ಯಕೃತ್ತು, ಮೇದೋಜೀರಕ, ಹೃದಯಗಳನ್ನು ಕೆಡಿಸುತ್ತದೆ. ಮುಟ್ಟಿನಲ್ಲಿ ರಕ್ತ ಕಳೆದುಕೊಳ್ಳುವ ಹೆಂಗಸರಲ್ಲಿ ರೋಗ ತಡವಾಗಿ ತಲೆದೋರುವುದೂ ಇದರಿಂದಲೇ.

ಇದು ಜನ್ಮಸಿದ್ಧ ದೋಷವೆಂದು ಇಂಗ್ಲಿಷ್ ವೈದ್ಯ ಜೋಸೆಫ್ ಶೆಲ್ಡನ್, ಮುನ್ನೂರಕ್ಕೂ ಮಿಕ್ಕ ರೋಗಿಗಳ ವಿವರ ಕಲೆಹಾಕಿ, ೧೯೩೫ರಲ್ಲಿಯೇ ಗ್ರಂಥ ಬರೆದ. ಆದರೂ ೧೯೬೦ರ ದಶಕದಲ್ಲಿ ಕೂಡ ಇದು ಕುಡಿತದ ಫಲವೆಂದು ವಾದಿಸುವವರಿದ್ದರು. ತಂದೆತಾಯಿಯರಿಂದ ಬಂದ ಬೇನೆಗೆ ನಡತೆಯ ಕಳಂಕವನ್ನೂ ಹೊರುವುದೆಂದರೆ ಸಾಮಾನ್ಯವೆ? ಫ್ರಾನ್ಸಿನ ರೆನ್ ನಗರದ ಮಾರ್ಸೆಲ್ ಸಿಮೋನ್ ೧೯೭೦ರ ದಶಕದಲ್ಲಿ ಆನುವಂಶಿಕತೆಗೆ ಗಟ್ಟಿ ಆಧಾರ ಒದಗಿಸಿದ. ೧೯೯೬ರಲ್ಲಿ ಜೀನೇ ಪತ್ತೆಯಾಯಿತು. ಒಡಹುಟ್ಟಿದವರನ್ನು ಮೊದಲೇ ಪರೀಕ್ಷಿಸಿ ಉಳಿಸಿಕೊಳ್ಳುವುದು ಈಗ ಸಾಧ್ಯವಾಗಿದೆ.

ಪರಿಭಾಷೆಯ ಪ್ರೇಮಿಗಳು ಇದನ್ನು ಕನ್ನಡಿಸಲು ಹೊರಟರೆ, ಪದಕ್ಕೆ ಪದವಿಟ್ಟು ‘ರಕ್ತವರ್ಣತೆ’ ಎನ್ನಬಾರದೆಂದು ನನ್ನ ಬಿನ್ನಹ. ಜರ್ಮನ್ ಪಂಡಿತನ ಊಹೆಯನ್ನು ನಾವೇಕೆ ಹೊರಬೇಕು? ‘ಕಬ್ಬಿಣದ ಅತಿಸಂಚಯ’ ಎಂದರೆ ಸಾಕು.

ಚಿಕಿತ್ಸೆಯಲ್ಲಿ ಮಾತ್ರ ರಕ್ತ ಮರಳಿ ಬರುತ್ತದೆ. ಅರ್ಧ ಲೀಟರ್ ರಕ್ತ ತೆಗೆದರೆ ಅದರೊಡನೆ ಇನ್ನೂರರಿಂದ ಇನ್ನೂರೈವತ್ತು ಮಿಲಿಗ್ರಾಂ ಕಬ್ಬಿಣ ಹೊರಹೋಗುತ್ತದೆ. ಹೊಸ ರಕ್ತ ಕಟ್ಟಲು ದೇಹ ತನ್ನ ಸಂಚಯಕ್ಕೇ ಕೈಹಾಕುತ್ತದೆ. ಆಧುನಿಕರು ನಕ್ಕು ಬದಿಗಿಟ್ಟ ರಕ್ತಮೋಕ್ಷಣವೇ ಇಲ್ಲಿ ಮೊದಲ ಮದ್ದು. ಮೊದಮೊದಲು ವಾರವಾರವೂ, ಆಮೇಲೆ ವರ್ಷಕ್ಕೆ ಕೆಲವು ಸಲ.