ಸ್ನಾತಕೋತ್ತರ ವಿಭಾಗದ ಮೌಲ್ಯಮಾಪನ: ಕಲ್ಕತ್ತೆಯ ಒಂದು ನಿದರ್ಶನ

ವಿಶ್ವವಿದ್ಯಾನಿಲಯದ ವಿಭಾಗವೊಂದರ ಯೋಗ್ಯತೆಯನ್ನು ಅಳೆಯುವ ಬಗೆ ಯಾವುದು? ತೇರ್ಗಡೆಯಾದವರ ಸಂಖ್ಯೆಯೇ, ಅಧ್ಯಾಪಕರ ಪದವಿಗಳೇ, ಅಚ್ಚಾದ ಲೇಖನಗಳ ಎಣಿಕೆಯೇ? ಕಲ್ಕತ್ತಾ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಆರಂಭಕಾಲದ ಚರಿತ್ರೆಯು ಈ ಪ್ರಶ್ನೆಯ ಮೇಲೆ ಬೆಳಕನ್ನು ಚೆಲ್ಲುವುದೆಂದು ನಾವು ಭಾವಿಸುತ್ತೇವೆ.

1857ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಮುಖ್ಯ ಕಾರ್ಯ ಪರೀಕ್ಷೆಗಳನ್ನು ನಡೆಸುವುದಾಗಿತ್ತು. ಬೋಧನೆಯ ಹೊಣೆ ಕಾಲೇಜುಗಳದು. 1904ರ ಶಾಸನವು ವಿಶ್ವವಿದ್ಯಾನಿಲಯವೇ ಬೋಧಿಸುವುದಕ್ಕೆ ಎಡೆಮಾಡಿಕೊಟ್ಟಿತು. ಆಶುತೋಷ ಮುಖರ್ಜಿಯವರ ಪ್ರಯತ್ನದಿಂದಲೂ ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಇವರ ದಾನದಿಂದಲೂ 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿದ್ದಿತು. 1917ರಲ್ಲಿ ಸ್ನಾತಕೋತ್ತರ ಬೋಧನೆಯು ಪ್ರತ್ಯೇಕ ಮಂಡಲಿಗಳ ಆಡಳಿತಕ್ಕೆ ಬಂದಿತು.

ಅಧ್ಯಾಪಕರನ್ನು ಆರಿಸಿದ ಬಗೆ ಗಮನಾರ್ಹವಾದುದು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಾಹಾ ಗಣಿತದಲ್ಲಿ ಉನ್ನತ ಪದವಿ ಪಡೆದಿದ್ದ ತರುಣರು. ತಾವು ಆಗಷ್ಟೇ ಕಲಿಯುತ್ತಿದ್ದ ನವೀನ ಭೌತವಿಜ್ಞಾನವನ್ನು ಅವರು ಬೋಧಿಸಬೇಕಾಯಿತು. ಅದಕ್ಕಾಗಿ ಜರ್ಮನ್ ಭಾಷೆಯನ್ನು ಅಭ್ಯಸಿಸಿದರು. ಬ್ರೂಲ್ ಎಂಬ ಪ್ರಾಧ್ಯಾಪಕರಿಂದ ಗ್ರಂಥಗಳನ್ನು ಎರವಲು ತಂದು ಓದಿದರು. ಸಾಪೇಕ್ಷತಾವಾದವನ್ನು ಕುರಿತ ಮೂಲ ಪ್ರಬಂಧಗಳಿಗೆ ಅವರು ಮಾಡಿದ ಇಂಗ್ಲಿಷ್ ಅನುವಾದವನ್ನು 1920ರಲ್ಲಿ ವಿಶ್ವವಿದ್ಯಾನಿಲಯವೇ ಪ್ರಕಟಿಸಿತು. ಸರ್ಕಾರದ ಹಣಕಾಸು ಇಲಾಖೆಯಲ್ಲಿದ್ದ ಚಂದ್ರಶೇಖರ ವೆಂಕಟರಾಮನ್ 1917ರಲ್ಲಿ ಆ ಕೆಲಸವನ್ನು ತೊರೆದು ಪಾಲಿತ್ ಪ್ರಾಧ್ಯಾಪಕರಾದರು.

ಇಷ್ಟಾದರೂ ವಿಭಾಗವು ತಾನು ಬೆಳೆಸಿದವರನ್ನು ಉಳಿಸಿಕೊಳ್ಳಲಿಲ್ಲ. ಬೋಸ್ 1921ರಲ್ಲಿ ಢಾಕಾಕ್ಕೂ, ಸಾಹಾ 1923ರಲ್ಲಿ ಅಲಹಾಬಾದಿಗೂ, ರಾಮನ್ 1933ರಲ್ಲಿ ನಮ್ಮ ಬೆಂಗಳೂರಿಗೂ ತೆರಳಿದರು. ಇದನ್ನು ನಷ್ಟವೆಂದೇ ಎಣಿಸಬೇಕೆ? ಸಾಹಾ 1938ರಲ್ಲಿ, ಬೋಸ್ 1945ರಲ್ಲಿ ಕಲ್ಕತ್ತೆಗೆ ಮರಳಿದರೆಂಬುದನ್ನೂ ನಾವು ಮರೆಯಲಾಗದು. ಢಾಕಾದಲ್ಲಿ ತರಗತಿಗೆ ಪಾಠವನ್ನು ಸಿದ್ಧಗೊಳಿಸುವಾಗ ಪ್ಲಾಂಕ್ ನಿಯಮದ ನಿರೂಪಣೆ ಬೋಸರಿಗೆ ತೃಪ್ತಿಕರವಾಗಿ ತೋರಲಿಲ್ಲ. 1924ರ ಅವರ ಪ್ರಸಿದ್ಧ ಪ್ರಬಂಧದ ಬೀಜ ಆ ಅತೃಪ್ತಿಯಲ್ಲಿದೆ. ಆ ವಿಶ್ವವಿದ್ಯಾನಿಲಯವು ಅವರಿಗೆ ಎರಡು ವರ್ಷಗಳ ರಜೆಯಿತ್ತು ಯೂರೋಪಿಗೆ ಕಳುಹಿಸಿತು. ಮರಳಿದ ಮೇಲೆ, ಡಾಕ್ಟರೇಟ್ ಪದವಿ ಇಲ್ಲದಿದ್ದರೂ, ಪ್ರಾಧ್ಯಾಪಕ ಸ್ಥಾನವನ್ನು ನೀಡಿತು.

ಇಂದು ನಮ್ಮ ವಿಭಾಗಗಳ ಪರಿಶೀಲನೆ ಅಂಕಪಟ್ಟಿಗಳ ಮೂಲಕ ನಡೆಯುತ್ತಿದೆ. ಪಟ್ಟಿಗಳು ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಪಕ್ಷಪಾತವನ್ನು ತಡೆಯಲು ಅವು ಬೇಕು. ಆದರೆ 1924ಕ್ಕೆ ಮುನ್ನ ಅಂಥ ಪಟ್ಟಿಯಲ್ಲಿ ಬೋಸರ ಸ್ಥಾನ ಎಲ್ಲಿರುತ್ತಿತ್ತು? ಅಧ್ಯಾಪಕನಿಗೆ ಹೊಸ ವಿಷಯವನ್ನು ಬೋಧಿಸುವ ಅವಕಾಶವಿದೆಯೆ, ಓದಲು ಗ್ರಂಥಗಳಿವೆಯೆ, ವ್ಯಾಸಂಗಕ್ಕೆ ರಜೆ ದೊರೆಯುವುದೆ — ಈ ಮೂರು ಪ್ರಶ್ನೆಗಳನ್ನು ಪರಿಶೀಲಕರು ಮೊದಲು ಕೇಳಲಿ. ಇವುಗಳಿಗೆ ಉತ್ತರ ಕೊಡಬೇಕಾದವರು ಅಧ್ಯಾಪಕರಲ್ಲ, ವಿಭಾಗವನ್ನು ನಡೆಸುವವರು.