ಕಲ್ಲು ಓದಿಸುವವರಿದ್ದರೆ ಊರೂ ಒಂದು ಬಂದರು

ಮೆಡಿಟರೇನಿಯನ್ ಸಮುದ್ರದಲ್ಲಿ ಒಂದು ಬಗೆಯ ಪ್ರವಾಸ ಬಹಳ ಕಾಲದಿಂದ ರೂಢಿಯಲ್ಲಿದೆ. ಸಾವಿರಾರು ಜನರನ್ನು ತುಂಬಿಕೊಂಡು ಸಾಗುವ ತೇಲುವ ಹೋಟೆಲುಗಳ ಪ್ರವಾಸ ಇದಲ್ಲ. ಹಡಗು ಸಣ್ಣದು. ಗೆಳೆಯರು ನಾಲ್ಕಾರು ಮಂದಿ ಕೂಡಿಕೊಂಡು ಹತ್ತುತ್ತಾರೆ. ರಾತ್ರಿಯೆಲ್ಲ ಹಡಗು ಸಾಗುತ್ತದೆ. ಬೆಳಗಾದರೆ ಎದುರಿಗೊಂದು ಬಂದರು, ಅದರಾಚೆ ಒಂದು ಹಾಳೂರು. ಇಂದು ಡೆಲೋಸ್ ದ್ವೀಪವಾದರೆ ನಾಳೆ ಎಫೆಸಸ್, ನಾಡಿದ್ದು ಮೈಸಿನಿ. ಊಟ, ನಿದ್ರೆ, ಸಾಮಾನು ಸರಂಜಾಮು ಎಲ್ಲ ಹಡಗಿನಲ್ಲೇ ಇರುವುದರಿಂದ ನೋಡುವುದೊಂದೇ ಕೆಲಸ.

ಆದರೆ ಈ ಪ್ರವಾಸಕ್ಕೆ ಹೆಸರು ತಂದದ್ದು ಹಡಗಲ್ಲ, ಅದರಲ್ಲಿದ್ದ ಉಪನ್ಯಾಸಕರು. ಲಂಡನ್ನಿನ ಸ್ವಾನ್ ಎಂಬ ಪ್ರವಾಸ ಸಂಸ್ಥೆ 1954ರಲ್ಲಿ ಗ್ರೀಸಿನ ಕಡೆಗೆ ಇಂಥ ಯಾನ ಆರಂಭಿಸಿದಾಗ, ಪ್ರತಿ ಹಡಗಿನಲ್ಲೂ ವಿದ್ವಾಂಸರನ್ನು ಜತೆಗೆ ಕಳಿಸುವ ಪದ್ಧತಿ ಇಟ್ಟುಕೊಂಡಿತು. ಮುರಿದ ಕಂಬದ ಮುಂದೆ ನಿಂತು ಅದು ಏನು, ಯಾವಾಗಿನದು, ಹೇಗೆ ಮುರಿಯಿತು ಎಂದು ಅವರು ಹೇಳಬೇಕು. ಪ್ರವಾಸಿ ಕೇಳಬೇಕು, ಪ್ರಶ್ನಿಸಬೇಕು. ಹೀಗೆ ಹೋದವರಲ್ಲಿ ಪ್ರಮುಖರು ಸರ್ ಮಾರ್ಟಿಮರ್ ವೀಲರ್.

ವೀಲರ್ ಹೆಸರು ಕರ್ನಾಟಕಕ್ಕೆ ಹೊಸದಲ್ಲ. 1944ರಿಂದ 1948ರವರೆಗೆ ಅವರು ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದರು. 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಅಗೆದಾಗ ಇಟಲಿಯಲ್ಲಿ ತಯಾರಾದ ಮಡಕೆಯ ಚೂರುಗಳು ಅವರಿಗೆ ಸಿಕ್ಕವು. ಆ ಮಡಕೆಗಳ ಕಾಲ ಯೂರೋಪಿನಲ್ಲಿ ಖಚಿತವಾಗಿ ಗೊತ್ತಿತ್ತು. ಅವುಗಳ ಜತೆಗಿದ್ದ ಸ್ಥಳೀಯ ಮಡಕೆಗಳಿಗೂ ಅದರಿಂದ ಕಾಲ ನಿಗದಿಯಾಯಿತು. 1947ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಅದೇ ಬಗೆಯ ಚೂರುಗಳನ್ನು ಗುರುತು ಹಿಡಿದು ಕನ್ನಡ ನೆಲದ ಮಣ್ಣಿನ ಪದರುಗಳಿಗೆ ಅವರು ವಯಸ್ಸು ಹೇಳಿದರು. ಮೆಡಿಟರೇನಿಯನ್ ಕಡೆಯ ಒಂದು ಚೂರು ಬೋಕಿ ಇಲ್ಲಿಯ ಇತಿಹಾಸಕ್ಕೆ ಅಳತೆಗೋಲಾದದ್ದು ಹೀಗೆ.

ಸಂಬಂಧ ಅಷ್ಟಕ್ಕೇ ನಿಲ್ಲುವುದಿಲ್ಲ. ಮೆಡಿಟರೇನಿಯನ್ ದಂಡೆಯ ಅಲೆಕ್ಸಾಂಡ್ರಿಯಾ ಪಟ್ಟಣದಲ್ಲಿ ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಟಾಲೆಮಿ ತನ್ನ ಭೂಗೋಳ ಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಆ ಬನವಾಸಿಯ ಪಕ್ಕದ ಸೀಮೆಯೇ ಹಾನಗಲ್ಲು. ಇಂಥ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಪುರಾತನ ತಾಣಗಳ ಯಾನಕ್ಕೆ ಹಡಗೇ ಬೇಕೆಂದಿಲ್ಲ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯ ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು ಸೀಮೆಗಳಲ್ಲಿ ಐದಾರು ಜನ ಗೆಳೆಯರು ಒಂದು ಬಾಡಿಗೆ ಗಾಡಿ ಮಾಡಿಕೊಂಡು ಎರಡು ದಿನ ತಿರುಗಿದರೆ ಸಾವಿರ ವರ್ಷಗಳನ್ನು ದಾಟಿ ಬರಬಹುದು. ಬೇಕಾದದ್ದು ಕಲ್ಲನ್ನು ಓದಿಸುವವರು ಮಾತ್ರ.

ಮೊದಲ ಬಂದರು: ಬಂಕಾಪುರ

ಶಿಗ್ಗಾವಿ ತಾಲೂಕಿನ ಬಂಕಾಪುರದ ಹೆಸರಿನಲ್ಲೇ ಅದರ ಇತಿಹಾಸವಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೇಯನ ಹೆಸರಿನಲ್ಲಿ ಎದ್ದ ಊರಿದು. ಅವನ ಮಗ ಲೋಕಾದಿತ್ಯ ಇಲ್ಲಿಂದ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರನ ಸಂಸ್ಕೃತ ಉತ್ತರಪುರಾಣಕ್ಕೆ ಇದೇ ಊರಿನಲ್ಲಿ ಪೂಜೆ ಸಂದಿತು. ಗಂಗರ ದೊರೆ ಮಾರಸಿಂಹ ರಾಜ್ಯ ತೊರೆದು ಬಂಕಾಪುರಕ್ಕೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಈ ಸಂಗತಿ ಹೇಳುವ ಶಾಸನ ಇರುವುದು ದೂರದ ಶ್ರವಣಬೆಳಗೊಳದಲ್ಲಿ. ಒಂದೂರಿನ ಕಥೆ ಇನ್ನೊಂದೂರಿನ ಕಲ್ಲಿನ ಮೇಲಿರುವುದು ಕನ್ನಡ ನಾಡಿನಲ್ಲಿ ಅಪರೂಪವಲ್ಲ.

ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎಂದೇ ಕರೆಯುತ್ತಾರೆ. ಚರಕಿ ಹಿಡಿದು ತಿರುಗಿಸಿದಂತೆ ನುಣುಪಾದ ಕಂಬಗಳ ಸಾಲು ನೋಡಿ ಬೆರಗಾಗಿ ಹಿಂತಿರುಗುವವರೇ ಹೆಚ್ಚು. ಆದರೆ ಇದೇ ಕೋಟೆಯಲ್ಲಿ 1055ರ ಶಾಸನವೊಂದಿದೆ. ಚಾಲುಕ್ಯರ ಅಧೀನನಾಗಿ ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದ ಕದಂಬ ಹರಿಕೇಸರಿಯ ಕಾಲದಲ್ಲಿ ಜೈನ ಬಸದಿಗೆ ಕೊಟ್ಟ ದತ್ತಿಯನ್ನು ಅದು ದಾಖಲಿಸುತ್ತದೆ. ಶಿವನ ಗುಡಿಯಿರುವ ಕೋಟೆಯಲ್ಲೇ ಬಸದಿಯ ದತ್ತಿಯ ಕಲ್ಲು. ಮುಂದೆ ಹೊಯ್ಸಳ ವಿಷ್ಣುವರ್ಧನನೂ ಇಲ್ಲಿ ಬೀಡುಬಿಟ್ಟು ಆಳಿದ. ಅವನು ತೀರಿಕೊಂಡದ್ದೂ ಇಲ್ಲೇ.

1570ರ ದಶಕದಲ್ಲಿ ವಿಜಾಪುರದ ಅಲಿ ಆದಿಲ್ ಶಾಹ ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆ ಹಾಕಿ ಕೋಟೆ ಗೆದ್ದ. ಇಲ್ಲಿಯ ದೊಡ್ಡ ಗುಡಿಯೊಂದನ್ನು ಕೆಡವಿ ಮಸೀದಿ ಕಟ್ಟಿಸಿದನೆಂದು ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಇದನ್ನು ಮುಚ್ಚಿಡಬೇಕಾದ್ದಿಲ್ಲ. ಆದರೆ ಅದೊಂದನ್ನೇ ಹಿಡಿದು ಬಂಕಾಪುರದ ಇತಿಹಾಸವೆಲ್ಲ ಇಷ್ಟೇ ಎನ್ನುವುದೂ ಸರಿಯಲ್ಲ. ಬಸದಿ, ಗುಡಿ, ಮಸೀದಿ ಮೂರಕ್ಕೂ ಒಂದೇ ಕೋಟೆ ಆಸರೆಯಾಗಿತ್ತು. ಈಗ ಅದೇ ಕೋಟೆಯ ಕಂದಕದಲ್ಲಿ ನವಿಲುಗಳು ಮೇಯುತ್ತವೆ. 2006ರಲ್ಲಿ ಅದನ್ನು ನವಿಲು ಧಾಮವೆಂದು ಘೋಷಿಸಲಾಯಿತು.

ಎರಡನೆಯ ಬಂದರು: ಸವಣೂರು

ಎಫೆಸಸ್ ಪಟ್ಟಣ ಹಾಳಾಗಲು ಮುಖ್ಯ ಕಾರಣ ಯುದ್ಧವಲ್ಲ. ನದಿ ತಂದ ಹೂಳಿನಿಂದ ಬಂದರು ಮುಚ್ಚಿತು, ಸಮುದ್ರ ಹಿಂದೆ ಸರಿಯಿತು, ವ್ಯಾಪಾರ ಬೇರೆ ಕಡೆ ಹೋಯಿತು. ಬಂಕಾಪುರಕ್ಕೂ ಒಂದು ರೀತಿಯಲ್ಲಿ ಹಾಗೆಯೇ ಆಯಿತು. ಇಲ್ಲಿ ಸರಿದದ್ದು ಸಮುದ್ರವಲ್ಲ, ಅಧಿಕಾರ. 1686ರಲ್ಲಿ ವಿಜಾಪುರ ಬಿದ್ದ ಮೇಲೆ ಔರಂಗಜೇಬನಿಂದ ಈ ಸೀಮೆಯನ್ನು ಪಡೆದ ಅಬ್ದುಲ್ ರವೂಫ್ ಖಾನನ ಮನೆತನ ಸವಣೂರನ್ನು ತನ್ನ ನೆಲೆ ಮಾಡಿಕೊಂಡಿತು. ಹಳೆಯ ಕೋಟೆ ಹಿಂದೆ ಬಿತ್ತು, ಹೊಸ ಪೇಟೆ ಬೆಳೆಯಿತು.

ಸವಣೂರು ನವಾಬರಿಗೆ ಒಂದು ಕಡೆ ಪೇಶ್ವೆ, ಇನ್ನೊಂದು ಕಡೆ ನಿಜಾಮ, ಮತ್ತೊಂದು ಕಡೆ ಮೈಸೂರು. 1756ರಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯ ಹಾಗೂ ನಿಜಾಮರ ಸೈನ್ಯಗಳು ಒಟ್ಟಾಗಿ ಸವಣೂರನ್ನು ಮುತ್ತಿದಾಗ, ಫ್ರೆಂಚ್ ಸೇನಾನಿ ಬುಸ್ಸಿಯ ಫಿರಂಗಿಗಳೂ ಬಂದಿದ್ದವು. ಇಷ್ಟೆಲ್ಲದರ ನಡುವೆಯೂ ಈ ಚಿಕ್ಕ ಸಂಸ್ಥಾನ 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೆ ಉಳಿಯಿತು. ನವಾಬರ ಕಾಲದ ಕಟ್ಟಡಗಳಷ್ಟೇ ಭಕ್ತಿಯಿಂದ ಜನ ನೋಡುವುದು 1783ರಲ್ಲಿ ಇಲ್ಲಿ ವೃಂದಾವನಸ್ಥರಾದ ಉತ್ತರಾದಿ ಮಠದ ಸತ್ಯಬೋಧ ತೀರ್ಥರ ಸನ್ನಿಧಿಯನ್ನು.

ವೀಳ್ಯದೆಲೆ ಮತ್ತು ಖಾರಕ್ಕೆ ಹೆಸರಾದ ಈ ಊರಿಗೆ ಸಮುದ್ರದ ನಂಟು ಹೇಳುವ ಜೀವಂತ ಸಾಕ್ಷಿಯೊಂದಿದೆ. ಊರವರು ದೊಡ್ಡ ಹುಣಸೆಮರ ಎಂದು ಕರೆಯುವ ಮೂರು ಭಾರಿ ಮರಗಳು ಹುಣಸೆಯಲ್ಲ; ಆಫ್ರಿಕ ಮೂಲದ ಬಾವೊಬಾಬ್. ಭಾರತದಲ್ಲಿರುವ ಈ ಜಾತಿಯ ಮರಗಳ ವಂಶವಾಹಿಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಬೀಜಗಳು ಹಲವು ಕಾಲದಲ್ಲಿ ಜನರ ಜತೆಗೇ ಕಡಲು ದಾಟಿ ಬಂದವೆಂಬ ನಿರ್ಣಯಕ್ಕೆ ಬಂದಿದ್ದಾರೆ. ಮೂರರಲ್ಲಿ ಒಂದು ಮರ 2023ರ ಮಳೆಗಾಲದಲ್ಲಿ ಬುಡಮೇಲಾಯಿತು. ಅದನ್ನು ಮತ್ತೆ ಎತ್ತಿ ನೆಡಲಾಯಿತು.

ಕಡಲು ದಾಟಿ ಹೋದವರೂ ಸವಣೂರಿನಲ್ಲಿದ್ದಾರೆ. 1909ರಲ್ಲಿ ಇಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, 1936ರಲ್ಲಿ ಹಡಗಿನಲ್ಲಿ ಇಂಗ್ಲೆಂಡಿಗೆ ಹೊರಟು ಆಕ್ಸ್‌ಫರ್ಡ್ ಸೇರಿದರು. ಭಾರತದಿಂದ ಹೊರಟ ಹಡಗುಗಳು ಆಗ ಸೂಯೆಜ್ ಕಾಲುವೆ ದಾಟಿ ಮೆಡಿಟರೇನಿಯನ್ ಹಾದಿಯಲ್ಲೇ ಹೋಗುತ್ತಿದ್ದವು. ಆ ಯಾನದ ಫಲವಾಗಿ ‘ಸಮುದ್ರ ಗೀತೆಗಳು’ ಕವನ ಸಂಕಲನವೂ ‘ಸಮುದ್ರದಾಚೆಯಿಂದ’ ಎಂಬ ಪ್ರವಾಸ ಗ್ರಂಥವೂ ಕನ್ನಡಕ್ಕೆ ಬಂದವು. ಬಯಲುಸೀಮೆಯ ಊರೊಂದು ಕನ್ನಡಕ್ಕೆ ಕಡಲಿನ ಕಾವ್ಯ ಕೊಟ್ಟಿತು.

ಮೂರನೆಯ ಬಂದರು: ಹಾನಗಲ್ಲು

ಶಾಸನಗಳಲ್ಲಿ ಪಾನುಂಗಲ್ಲು ಎಂದು ಬರುವ ಹಾನಗಲ್ಲು ಐನೂರು ಹಳ್ಳಿಗಳ ನಾಡಿನ ಮುಖ್ಯ ಪಟ್ಟಣವಾಗಿತ್ತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂಬುದು ಸ್ಥಳೀಯರ ನಂಬಿಕೆ. ಇಲ್ಲಿಯ ತಾರಕೇಶ್ವರ ಗುಡಿ ಚಾಲುಕ್ಯ ಶೈಲಿಯ ಉತ್ತಮ ಕಟ್ಟಡಗಳಲ್ಲೊಂದು. ಅದರ ಮಂಟಪದಲ್ಲಿ ನಿಂತು ತಲೆಯೆತ್ತಿದರೆ ಕಲ್ಲಿನ ದೊಡ್ಡ ತಾವರೆ ಮೇಲಿನಿಂದ ಇಳಿಬಿದ್ದಂತೆ ಕಾಣುತ್ತದೆ.

ಈ ಗುಮ್ಮಟ ನಿಂತಿರುವ ಬಗೆ ತಿಳಿದರೆ ಬೆರಗು ಹೆಚ್ಚುತ್ತದೆ. ಇದರಲ್ಲಿ ಕಮಾನಿಲ್ಲ. ಕಲ್ಲಿನ ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು, ಪ್ರತಿ ಸುತ್ತೂ ಸ್ವಲ್ಪ ಒಳಚಾಚಿ, ಕೊನೆಗೆ ಮೇಲಿನ ಕಿಂಡಿ ಮುಚ್ಚುವಂತೆ ಜೋಡಿಸಿದ ಕೆಲಸ. ಗ್ರೀಸಿನ ಮೈಸಿನಿಯಲ್ಲಿ ಮೂರು ಸಾವಿರ ವರ್ಷಗಳಿಗೂ ಹಿಂದೆ ಕಟ್ಟಿದ ರಾಜಗೋರಿಯ ಗುಮ್ಮಟವೂ ಇದೇ ಉಪಾಯದಲ್ಲಿ ನಿಂತಿದೆ. ಒಬ್ಬರಿಂದೊಬ್ಬರು ಕಲಿತದ್ದಲ್ಲ, ಕಲ್ಲಿನ ಭಾರ ಅರಿತ ಕುಶಲಿಗಳು ಎರಡೂ ಕಡೆ ಇದ್ದರು.

ಹಾನಗಲ್ಲಿನ ವೀರಗಲ್ಲೊಂದು 1196ರ ಯುದ್ಧದ ಕಥೆ ಹೇಳುತ್ತದೆ. ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡುಬಿಟ್ಟು ಊರಿಗೆ ಮುತ್ತಿಗೆ ಹಾಕಿದ. ಇಲ್ಲಿಯ ಕದಂಬ ಅರಸು ಕಾಮದೇವನ ಪರವಾಗಿ ಸೇನಾನಿ ಸೋಹಣಿ ಹೋರಾಡಿ ಶತ್ರುವನ್ನು ಹಿಮ್ಮೆಟ್ಟಿಸಿದ, ತಾನು ಮಡಿದ. ವೀರಗಲ್ಲುಗಳನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಯುದ್ಧ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಈ ಕ್ರಮ ಗೊತ್ತಿಲ್ಲದವರಿಗೆ ಅದು ಬೊಂಬೆ ಕೆತ್ತಿದ ಕಲ್ಲು; ಗೊತ್ತಿದ್ದವರಿಗೆ ಒಂದು ಬದುಕಿನ ಕೊನೆಯ ದಿನ.

ಕೊನೆಯ ಬಂದರು: ಅಬಲೂರು

ಹಾನಗಲ್ಲಿನಿಂದ ಹಿರೇಕೆರೂರಿನ ಕಡೆ ಹೊರಟರೆ ಕಾಮದೇವ ಮತ್ತೆ ಎದುರಾಗುತ್ತಾನೆ. ಅಬಲೂರಿನ ಸೋಮೇಶ್ವರ ಗುಡಿಯ ಶಾಸನದಲ್ಲಿ ದತ್ತಿ ಕೊಟ್ಟವರ ಸಾಲಿನಲ್ಲಿ ಅವನ ಹೆಸರಿದೆ. ಒಂದೂರಿನ ಯುದ್ಧದ ಕಲ್ಲಿನಲ್ಲಿ ಕಂಡ ಅರಸು ಇನ್ನೊಂದೂರಿನ ದಾನದ ಕಲ್ಲಿನಲ್ಲಿ ಸಿಗುವುದು ಒಂದೇ ಯಾನದಲ್ಲಿ ಎರಡನ್ನೂ ಓದಿದವರಿಗೆ ಮಾತ್ರ.

ಸುಮಾರು 1200ರ ಈ ಶಾಸನದ ಮುಖ್ಯ ಕಥೆ ಏಕಾಂತದ ರಾಮಯ್ಯನದು. ಆಳಂದೆಯಿಂದ ಬಂದ ಈ ಶಿವಭಕ್ತ ಅಬಲೂರಿನ ಜೈನ ಮುಖಂಡ ಸಂಕಗಾವುಂಡ ಮೊದಲಾದವರೊಡನೆ ಪಂಥ ಕಟ್ಟಿದ. ತಲೆ ಕತ್ತರಿಸಿ ಶಿವನಿಗರ್ಪಿಸಿ ಮತ್ತೆ ಪಡೆದ. ಅವರು ಮಾತಿಗೆ ತಪ್ಪಿದಾಗ ಜಿನಬಿಂಬ ಒಡೆದ. ದೂರು ಬಿಜ್ಜಳನ ಬಳಿಗೆ ಹೋದಾಗ ಅವನು ರಾಮಯ್ಯನಿಗೇ ಜಯಪತ್ರ ಕೊಟ್ಟ ಎಂದು ಶಾಸನ ಹೇಳುತ್ತದೆ. ಗುಡಿಯ ಗೋಡೆಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಅವುಗಳ ಕೆಳಗೆ ಬರಹವೂ ಇವೆ. ಹರಿಹರ ಕವಿ ಇದನ್ನೇ ರಗಳೆಯಾಗಿ ಹಾಡಿದ. ಶಾಸನವನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಪ್ರಕಟಿಸಿದವರು ಜೆ.ಎಫ್. ಫ್ಲೀಟ್.

ಕಲ್ಲು ಓದಿಸುವವರು ಬಹಳ ಬೇಕಾಗುವುದು ಇಲ್ಲಿ. ಶಾಸನವೆಂದರೆ ಮೂಲತಃ ದತ್ತಿಯ ಹಕ್ಕುಪತ್ರ. ಭೂಮಿ ಪಡೆದ ಗುಡಿಯವರು ತಮ್ಮ ಹಿರಿಮೆಯನ್ನು ಅದರಲ್ಲಿ ಬರೆಸುವುದು ಸಹಜ. ಇದು ಗೆದ್ದವರ ಮಾತು. ಸೋತವರ ಮಾತನ್ನು ಈ ಕಲ್ಲು ಹೇಳುವುದಿಲ್ಲ. ಘಟನೆ ನಡೆಯಿತೆನ್ನುವ ಕಾಲಕ್ಕೂ ಕಲ್ಲು ಕಡೆದ ಕಾಲಕ್ಕೂ ಅಂತರವಿದೆ. ಆದರೆ ಇದು ಬರೀ ಕಟ್ಟುಕಥೆಯೆಂದು ತಳ್ಳುವಂತೆಯೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಭೂಮಿಗಾಗಿ, ಭಕ್ತರಿಗಾಗಿ ಧರ್ಮಗಳ ನಡುವೆ ಪೈಪೋಟಿ ಇತ್ತೆಂಬುದಕ್ಕೆ ಇದು ಬಲವಾದ ಸಾಕ್ಷಿ. ಅದಕ್ಕೂ ನೂರೈವತ್ತು ವರ್ಷ ಮುಂಚೆ ಬಂಕಾಪುರದಲ್ಲಿ ಬಸದಿಗೆ ದತ್ತಿ ಸಂದದ್ದೂ ಅಷ್ಟೇ ನಿಜ. ಎರಡೂ ಕಲ್ಲುಗಳನ್ನು ನೋಡಿದವರು ಒಂದನ್ನೇ ಹಿಡಿದು ಜಗಳಕ್ಕೆ ನಿಲ್ಲಲಾರರು.

ಹಿಂತಿರುಗುವಾಗ, ಹಿರೇಕೆರೂರು ತಾಲೂಕಿನಲ್ಲಿದ್ದು ಈಗ ಪ್ರತ್ಯೇಕ ತಾಲೂಕಾಗಿರುವ ರಟ್ಟೀಹಳ್ಳಿಯ ಕದಂಬೇಶ್ವರ ಗುಡಿಯನ್ನು ನೋಡಬಹುದು. ಮೂರು ಗರ್ಭಗುಡಿಗಳಿಗೆ ಒಂದೇ ಮಂಟಪವಿರುವ ತ್ರಿಕೂಟ ರಚನೆ ಹೇಗಿರುತ್ತದೆಂದು ತಿಳಿಯಲು ಅದೊಂದು ಒಳ್ಳೆಯ ಪಾಠ.

ಗ್ರೀಸಿನ ಹಾಳೂರುಗಳಲ್ಲಿ ನಿಂತ ಪ್ರವಾಸಿಗೆ ಅಲ್ಲಿಯ ಬರಹ ಪರಭಾಷೆ. ಹಾವೇರಿ ಜಿಲ್ಲೆಯ ಕಲ್ಲುಗಳು ಆಡುವುದು ಕನ್ನಡವನ್ನೇ. ಲಿಪಿ ಹಳೆಯದು, ಮಾತು ನಡುಗನ್ನಡದ ಕಡೆಯದು. ಸ್ವಲ್ಪ ಕಲಿತರೆ ಅಷ್ಟಿಷ್ಟು ಹಿಡಿತಕ್ಕೆ ಬರುತ್ತದೆ. ಧಾರವಾಡದಲ್ಲಿ 1939ರಷ್ಟು ಹಿಂದೆಯೇ ಕನ್ನಡ ಸಂಶೋಧನ ಸಂಸ್ಥೆ ಆರಂಭವಾಗಿದೆ. ಊರೂರಿನ ಶಾಲೆ, ಕಾಲೇಜುಗಳಲ್ಲಿ ಇತಿಹಾಸದ ಮೇಷ್ಟ್ರುಗಳಿದ್ದಾರೆ. ಹೊರಡುವ ಗೆಳೆಯರು ತಲಾ ಒಂದೊಂದು ಊರನ್ನು ಹಂಚಿಕೊಂಡು, ಮೊದಲೇ ಓದಿಕೊಂಡು ಬಂದು, ಅಲ್ಲಿ ನಿಂತು ಉಳಿದವರಿಗೆ ಹೇಳಿದರೂ ಸಾಕು.

ದೊಡ್ಡ ಗುಡಿಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಯಿದೆ. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಹಾಳು ಗುಡಿಯ ಹಿಂದೆ ಒರಗಿರುವ ವೀರಗಲ್ಲುಗಳಲ್ಲಿ ಬಹಳಷ್ಟಕ್ಕೆ ಅದು ಇಲ್ಲ. ಅವುಗಳನ್ನು ಕಾಯಬೇಕಾದವರು ಊರವರೇ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ತಮ್ಮೂರಿನವನೊಬ್ಬನ ಹೆಸರಿದೆಯೆಂದು ಒಬ್ಬರು ಓದಿ ಹೇಳಿದರೆ, ಮರುದಿನ ಅದರ ಮೇಲೆ ಬಟ್ಟೆ ಬೀಳುವುದು ಕಷ್ಟ.